ಹೂಂ ಅಂದವರಿಗೆ ಅರ್ಥ ಆಗಿದೆಯಾ?

ಕೇಳುಗರೆಲ್ಲರಿಗೂ ನಮಸ್ಕಾರ.

ವಕೀಲಿ ಶುರು ಮಾಡಿದ ಹೊಸದರಲ್ಲಿ ನನ್ನ ಹತ್ತಿರ ಒಂದು ಕೇಸು ಬಂತು. ಸಣ್ಣ ಕಳ್ಳತನದ ಆರೋಪ. ಆರೋಪಿ ಇಪ್ಪತ್ತೈದರ ಹುಡುಗ. ಎಷ್ಟು ಒಳ್ಳೆಯ ಕಕ್ಷಿದಾರ ಅಂದುಕೊಂಡೆ. ಏನು ಹೇಳಿದರೂ ಎದುರು ಮಾತಿಲ್ಲ.

"ಜಾಮೀನಿನ ಷರತ್ತು ಗೊತ್ತಾಯ್ತಾ?" "ಹೂಂ ಮೇಡಂ." "ಮುಂದಿನ ತಾರೀಖಿಗೆ ತಪ್ಪದೆ ಬರಬೇಕು." "ಹೂಂ ಮೇಡಂ." "ಸಾಕ್ಷಿಗಳ ಹತ್ತಿರ ಸುಳಿಯಬಾರದು." "ಹೂಂ."

ಆ ತಾರೀಖಿಗೆ ಅವನು ಬರಲಿಲ್ಲ. ವಾರಂಟ್ ಆಯಿತು. ಮತ್ತೆ ಜೈಲು ಸೇರಿದ. ನನಗೋ ವಿಪರೀತ ಸಿಟ್ಟು. ಹೋಗಿ ಕೇಳಿದೆ, "ನಾನು ಏನು ಹೇಳಿದ್ದೆ, ನೀನೇ ಒಂದ್ಸಲ ಹೇಳು ನೋಡೋಣ." ಅವನು ನನ್ನ ಮುಖ ನೋಡಿದ. ನಕ್ಕ. "ಹೂಂ ಮೇಡಂ" ಅಂದ.

ಅವನ ಬುದ್ಧಿಯ ಬೆಳವಣಿಗೆ ಚಿಕ್ಕಂದಿನಿಂದಲೇ ನಿಧಾನವಾಗಿತ್ತು. ಕ್ಯಾಲೆಂಡರ್ ನೋಡಲು ಬರುತ್ತಿರಲಿಲ್ಲ. 'ಷರತ್ತು' ಅನ್ನುವ ಮಾತನ್ನು ಅವನು ಕೇಳಿಯೇ ಇರಲಿಲ್ಲ. ಆದರೆ ಒಂದು ಪಾಠ ಮಾತ್ರ ಚೆನ್ನಾಗಿ ಕಲಿತಿದ್ದ. ದೊಡ್ಡವರು ಏನಾದರೂ ಕೇಳಿದಾಗ ಹೂಂ ಅಂದರೆ ಬೈಗುಳ ಬೇಗ ನಿಲ್ಲುತ್ತದೆ.

ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಈ 'ಹೂಂ' ಬಗ್ಗೆಯೇ. ಪೊಲೀಸ್ ಠಾಣೆಯಿಂದ ಜೈಲಿನ ಗೇಟಿನವರೆಗೆ ನಮ್ಮ ವ್ಯವಸ್ಥೆ ನಡೆಯುವುದೇ ಹೂಂ ಮೇಲೆ. ಹಕ್ಕುಗಳು ಗೊತ್ತಾಯ್ತಾ? ಹೂಂ. ಈ ಹೇಳಿಕೆ ನಿನ್ನದೇನಾ? ಹೂಂ. ಆರೋಗ್ಯ ಸರಿ ಇದೆಯಾ? ಹೂಂ. ಮನಸ್ಸು ಗಟ್ಟಿ ಇರುವವರ ಹೂಂಗೆ ಒಂದು ಬೆಲೆ ಇದೆ. ಮನಸ್ಸು ಕುಸಿದವರ ಹೂಂಗೆ?

ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಜನ ಒಂದೇ ಮಾಡಿಬಿಡುತ್ತಾರೆ. ಮಾನಸಿಕ ಕಾಯಿಲೆ ಬೇರೆ. ಬುದ್ಧಿ ಬೆಳವಣಿಗೆಯ ಕೊರತೆ ಬೇರೆ. ಮೊದಲನೆಯದು ಬರುತ್ತದೆ, ಔಷಧಿ ಮತ್ತು ಆರೈಕೆಯಿಂದ ಹತೋಟಿಗೆ ಬರುತ್ತದೆ, ಕೆಲವೊಮ್ಮೆ ಪೂರ್ತಿ ಹೋಗುತ್ತದೆ. ಎರಡನೆಯದು ಹುಟ್ಟಿನಿಂದ ಅಥವಾ ಎಳವೆಯಿಂದ ಇರುವಂಥದ್ದು. ಅದಕ್ಕೆ ಮಾತ್ರೆ ಇಲ್ಲ. ನಿಧಾನವಾಗಿ, ಸುಲಭವಾಗಿ ಹೇಳುವ ಒಬ್ಬರು ಬೇಕು ಅಷ್ಟೇ. ಇನ್ನು ಕುಡಿತ, ಮಾದಕ ವಸ್ತುಗಳ ಚಟ, ತಲೆಗೆ ಬಿದ್ದ ಹಳೆಯ ಪೆಟ್ಟು, ಚಿಕ್ಕಂದಿನಲ್ಲಿ ಅನುಭವಿಸಿದ ಹಿಂಸೆ. ಒಬ್ಬರಲ್ಲೇ ಇವೆಲ್ಲ ಒಟ್ಟಿಗೆ ಇರುವುದೂ ಉಂಟು. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾವ ಅಪರಾಧವನ್ನೂ ಮಾಡುವುದಿಲ್ಲ. ಬೇರೆಯವರಿಂದ ಪೆಟ್ಟು ತಿನ್ನುವವರೇ ಅವರಲ್ಲಿ ಜಾಸ್ತಿ.

ಠಾಣೆಯ ಹೂಂ ಎಷ್ಟು ದುಬಾರಿ ಆಗಬಹುದು ಅನ್ನುವುದಕ್ಕೆ ಲಂಡನ್‌ನಲ್ಲಿ 1972ರಲ್ಲಿ ನಡೆದ ಒಂದು ಕೊಲೆ ಪ್ರಕರಣ ನೋಡಿ. ಪೊಲೀಸರು ಮೂವರು ಹುಡುಗರನ್ನು ಹಿಡಿದರು. ಅವರಲ್ಲಿ ದೊಡ್ಡವನಿಗೆ 18 ವರ್ಷ, ಆದರೆ ಬುದ್ಧಿ ಎಂಟು ವರ್ಷದ ಮಗುವಿನಷ್ಟು. ಅವರ ಪರವಾಗಿ ಯಾರೂ ಪಕ್ಕದಲ್ಲಿ ಕೂರದೆಯೇ ಪ್ರಶ್ನೆಗಳು ಶುರುವಾದವು. ಹುಡುಗರು ಒಪ್ಪಿಕೊಂಡರು. ತಪ್ಪೊಪ್ಪಿಗೆ ಸಿಕ್ಕಿತು, ಶಿಕ್ಷೆಯೂ ಆಯಿತು. ಮೂರು ವರ್ಷ ಕಳೆದ ಮೇಲೆ, 1975ರಲ್ಲಿ, ಸಾವು ನಡೆದ ಹೊತ್ತನ್ನು ಮತ್ತೆ ಲೆಕ್ಕ ಹಾಕಿದರು. ಹುಡುಗರು ಒಪ್ಪಿಕೊಂಡ ಕಥೆಗೂ ಆ ಹೊತ್ತಿಗೂ ತಾಳೆಯೇ ಆಗಲಿಲ್ಲ. ಮೇಲಿನ ಕೋರ್ಟು ಮೂವರ ಶಿಕ್ಷೆಯನ್ನೂ ರದ್ದು ಮಾಡಿತು. ಅದರ ಮೇಲೆ ನಡೆದ ತನಿಖೆಯ ವರದಿ 1977ರಲ್ಲಿ ಬಂತು. ಆ ವರದಿಯಿಂದ ಶುರುವಾದ ಚರ್ಚೆಯೇ 1984ರ ಹೊಸ ಪೊಲೀಸ್ ಕಾನೂನಿಗೆ ದಾರಿಯಾಯಿತು.

ಆಮೇಲೆ ಅಲ್ಲಿ ಒಂದು ನಿಯಮ ಗಟ್ಟಿಯಾಯಿತು. ಮಕ್ಕಳನ್ನು, ಮಾನಸಿಕ ತೊಂದರೆ ಇರುವವರನ್ನು ಠಾಣೆಯಲ್ಲಿ ವಿಚಾರಿಸುವಾಗ ಪೊಲೀಸರಲ್ಲದ ಒಬ್ಬ ವಯಸ್ಕರು ಪಕ್ಕದಲ್ಲಿ ಇರಬೇಕು. ಅವರು ಮನೆಯವರಾಗಬಹುದು, ತರಬೇತಿ ಪಡೆದ ಸ್ವಯಂಸೇವಕರಾಗಬಹುದು. ಅವರು ವಕೀಲರಲ್ಲ. ಕೇಸು ವಾದಿಸುವುದಿಲ್ಲ. ಅವರ ಕೆಲಸ ತೀರಾ ಸರಳ. "ಈ ಪ್ರಶ್ನೆ ಇವನಿಗೆ ಅರ್ಥ ಆಗಿಲ್ಲ, ಬೇರೆ ಥರ ಕೇಳಿ" ಅನ್ನುವುದು. "ಸುಸ್ತಾಗಿದ್ದಾನೆ, ಸ್ವಲ್ಪ ನಿಲ್ಲಿಸಿ" ಅನ್ನುವುದು. ಒಂದು ಲೋಟ ನೀರು ಕೊಡಿಸುವುದು.

ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರಾ ಅಂತ ನಿಮಗೆ ಅನ್ನಿಸಬಹುದು. ಹೊಡೆತ ತಿಂದರೆ ಮಾತ್ರ ಅಂತ ನಾನೂ ನಂಬಿದ್ದೆ. ಹಾಗಲ್ಲ. ನಿದ್ದೆ ಇಲ್ಲ. ಮಾತ್ರೆಯ ಹೊತ್ತು ಮೀರಿದೆ. ಎದುರಿಗೆ ಕೂತವರು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಿದ್ದಾರೆ. ಒಪ್ಪಿಕೊಂಡರೆ ಮನೆಗೆ ಹೋಗಬಹುದು ಅಂತ ಅನ್ನಿಸುತ್ತದೆ. ನಾಳೆ ಏನಾಗುತ್ತದೆ ಅನ್ನುವುದು ಬಹಳ ದೂರದ ಮಾತು. ಇನ್ನು ಕೆಲವರಿಗೆ ತಮ್ಮ ನೆನಪಿನ ಮೇಲೇ ಅನುಮಾನ ಹುಟ್ಟುತ್ತದೆ. ಇಷ್ಟು ದೊಡ್ಡವರು ಹೇಳುತ್ತಿದ್ದಾರೆ, ಬಹುಶಃ ನಾನೇ ಮಾಡಿರಬೇಕು ಅಂತ. ಐಸ್‌ಲ್ಯಾಂಡ್‌ನಲ್ಲಿ ಪೊಲೀಸ್ ಆಗಿ ಕೆಲಸ ಮಾಡಿ, ಆಮೇಲೆ ಮನಶ್ಶಾಸ್ತ್ರಜ್ಞರಾದ ಗಿಸ್ಲಿ ಗುಡ್ಯಾನ್ಸನ್ ಅವರು ಇದನ್ನೇ ಜೀವಮಾನವಿಡೀ ಅಧ್ಯಯನ ಮಾಡಿದರು. ಎದುರಿಗಿರುವವರ ಮಾತಿಗೆ ಒಬ್ಬ ವ್ಯಕ್ತಿ ಎಷ್ಟು ಬೇಗ ತಲೆಬಾಗುತ್ತಾನೆ ಅನ್ನುವುದನ್ನು ಅಳೆಯುವ ಪರೀಕ್ಷೆಯನ್ನೂ ರೂಪಿಸಿದರು. ನೋಡಿ, ಹೂಂ ಅನ್ನುವುದನ್ನೂ ಅಳೆಯಬಹುದು!

ಠಾಣೆಗೆ ಬರುವ ಮೊದಲೇ, ಬೀದಿಯಲ್ಲೇ ಶುರುವಾಗುವ ಕಥೆಗಳೂ ಇವೆ. ಯಾರೋ ಒಬ್ಬರು ಕಾಯಿಲೆಯ ಭರದಲ್ಲಿ ಕೂಗಾಡುತ್ತಿದ್ದಾರೆ, ಕೈಯಲ್ಲಿ ಏನೋ ಇದೆ. ಪೊಲೀಸರು ಬಂದು ಜೋರಾಗಿ "ಕೆಳಗೆ ಹಾಕು" ಅನ್ನುತ್ತಾರೆ. ಆ ಕೂಗಾಡುವವರ ತಲೆಯೊಳಗೆ ಆಗಲೇ ನಾಲ್ಕು ದನಿಗಳು ಕೂಗುತ್ತಿವೆ, ಇದು ಐದನೆಯದು. ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ ಹೀಗೇ ಆಗಿ ಪೊಲೀಸರ ಗುಂಡಿಗೆ ಒಬ್ಬರು ಸತ್ತರು. ಮರುವರ್ಷವೇ ಆ ನಗರ ಕೆಲವು ಪೊಲೀಸರಿಗೆ 40 ಗಂಟೆಯ ವಿಶೇಷ ತರಬೇತಿ ಕೊಡಲು ಶುರು ಮಾಡಿತು. ದೂರ ನಿಲ್ಲು, ದನಿ ತಗ್ಗಿಸು, ಒಬ್ಬರೇ ಮಾತಾಡಿ, ಅವಸರ ಬೇಡ. ಆಮೇಲೆ ಠಾಣೆಗಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗು. ಈ ಮಾದರಿ ಬೇರೆ ಎಷ್ಟೋ ಊರುಗಳಿಗೆ ಹರಡಿತು. ಇದರಲ್ಲಿ ನನಗೆ ಒಂದು ತಕರಾರಿದೆ. ಆಸ್ಪತ್ರೆಯಲ್ಲಿ ಹಾಸಿಗೆಯೇ ಖಾಲಿ ಇಲ್ಲದಿದ್ದರೆ ಅಷ್ಟು ಚೆನ್ನಾಗಿ ಕಲಿತ ಪೊಲೀಸ್ ಆದರೂ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು? ಲಯೊನೆಲ್ ಪೆನ್‌ರೋಸ್ ಅನ್ನುವ ವೈದ್ಯರು 1939ರಲ್ಲೇ ಯುರೋಪಿನ ದೇಶಗಳ ಲೆಕ್ಕ ನೋಡಿ ಒಂದು ವಿಷಯ ಗಮನಿಸಿದ್ದರು. ಮಾನಸಿಕ ಆಸ್ಪತ್ರೆಯ ಹಾಸಿಗೆ ಕಡಿಮೆ ಇರುವ ಕಡೆ ಜೈಲಿನಲ್ಲಿರುವವರು ಜಾಸ್ತಿ. ಒಂದು ಇನ್ನೊಂದಕ್ಕೆ ಕಾರಣವಾ ಅಂತ ಇವತ್ತಿಗೂ ವಾದ ನಡೆಯುತ್ತಿದೆ. ಆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಈಗ ಜೈಲಿಗೆ ಬರೋಣ. ಒಳಗೆ ಬಂದ ದಿನ ಒಂದು ಫಾರಂ ತುಂಬುತ್ತಾರೆ. ಹೆಸರು, ವಯಸ್ಸು, ಮೈಮೇಲಿನ ಗುರುತು. ಕೊನೆಗೆಲ್ಲೋ ಒಂದು ಪ್ರಶ್ನೆ, ಮಾನಸಿಕ ತೊಂದರೆ ಏನಾದರೂ ಇದೆಯಾ? ಹಿಂದೆ ಸಾಲಿನಲ್ಲಿ ಹದಿನೈದು ಜನ ನಿಂತಿದ್ದಾರೆ. ಅವರೆದುರು ಯಾರು ತಾನೇ "ಇದೆ" ಅಂದಾರು? ಇಲ್ಲ ಅಂದರೆ ಟಿಕ್, ಮುಂದಿನವರು ಬನ್ನಿ. ಅದೇ ಪ್ರಶ್ನೆಯನ್ನು ಬಾಗಿಲು ಹಾಕಿದ ಕೋಣೆಯಲ್ಲಿ, ಒಬ್ಬ ನರ್ಸ್ ಪಕ್ಕ ಕೂತು ಕೇಳಲಿ. "ಹೋದ ವಾರ ನಿದ್ದೆ ಹೇಗಿತ್ತು? ಯಾವ ಮಾತ್ರೆ ತಗೊಳ್ತಾ ಇದ್ರಿ? ಬದುಕೇ ಬೇಡ ಅನ್ನಿಸಿದೆಯಾ?" ಉತ್ತರ ಬೇರೆಯೇ ಬರುತ್ತದೆ. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಅಂತ ಹೆದರುತ್ತಾರೆ. ಅದು ನಿಜವಲ್ಲ. ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಜೈಲಿನಲ್ಲಿ ತೀರಾ ಅಪಾಯದ ಹೊತ್ತು ಮೊದಲ ಕೆಲವು ರಾತ್ರಿಗಳು. ನಾಚಿಕೆ, ಭಯ, ಮನೆಯ ಚಿಂತೆ ಎಲ್ಲ ಒಟ್ಟಿಗೆ ಬಂದು ಬಡಿಯುತ್ತವೆ. ದಿನಾ ಕುಡಿಯುತ್ತಿದ್ದವರಿಗೆ ಕುಡಿತ ಒಮ್ಮೆಲೇ ನಿಂತು ಕೈಕಾಲು ನಡುಗುತ್ತವೆ, ಕಣ್ಣೆದುರು ಇಲ್ಲದ್ದು ಕಾಣುತ್ತದೆ. ಅದು ನಾಟಕವಲ್ಲ, ಜೀವಕ್ಕೇ ಅಪಾಯ ತರುವ ಸ್ಥಿತಿ.

ಆ ರಾತ್ರಿಗಳಲ್ಲಿ ಡಾಕ್ಟರ್ ಇರುವುದಿಲ್ಲ, ವಕೀಲರಂತೂ ಇಲ್ಲವೇ ಇಲ್ಲ. ಪಕ್ಕದಲ್ಲಿರುವವರು ಇನ್ನೊಬ್ಬ ಕೈದಿ. ಇದನ್ನೇ ಶಕ್ತಿಯಾಗಿ ಮಾಡಿಕೊಂಡ ಒಂದು ಪ್ರಯೋಗ ನನಗೆ ಬಹಳ ಇಷ್ಟ. ವೇಲ್ಸ್‌ನ ಸ್ವಾನ್ಸೀ ಜೈಲಿನಲ್ಲಿ ಹದಿಹರೆಯದ ಹುಡುಗನೊಬ್ಬ ಪ್ರಾಣ ಕಳೆದುಕೊಂಡ ಮೇಲೆ, 1991ರಲ್ಲಿ, ನೊಂದವರ ಮಾತು ಕೇಳುವ ಸಮಾರಿಟನ್ಸ್ ಅನ್ನುವ ಸಂಸ್ಥೆ ಅಲ್ಲಿನ ಕೈದಿಗಳಿಗೇ ತರಬೇತಿ ಕೊಟ್ಟಿತು. ಅವರಿಗೆ 'ಕೇಳುವವರು' ಅಂತಲೇ ಹೆಸರು. ರಾತ್ರಿ ಯಾರಾದರೂ ಕುಸಿದರೆ ಹೋಗಿ ಪಕ್ಕದಲ್ಲಿ ಕೂರುತ್ತಾರೆ. ಬುದ್ಧಿ ಹೇಳುವುದಿಲ್ಲ. ಹೇಳಿದ್ದನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಾರೆ. ಬ್ರಿಟನ್ನಿನ ಬೇರೆ ಜೈಲುಗಳಿಗೂ ಇದು ಹಬ್ಬಿತು. ಕೊಲೆ ಮಾಡಿ ಬಂದವರೂ ಇನ್ನೊಬ್ಬರ ಅಳುವನ್ನು ರಾತ್ರಿಯೆಲ್ಲ ಕೂತು ಕೇಳಬಲ್ಲರು ಅನ್ನುವುದನ್ನು ನಾವು ಹೊರಗಿನವರು ಬೇಗ ಒಪ್ಪುವುದಿಲ್ಲ, ಅಲ್ವಾ?

ಇದಕ್ಕೆ ತೀರಾ ಉಲ್ಟಾ ಇರುವುದು ಒಂಟಿ ಸೆರೆ. ಗಲಾಟೆ ಮಾಡುತ್ತಾನೆ ಅಂತ ಒಬ್ಬನನ್ನೇ ಕೋಣೆಯಲ್ಲಿ ಹಾಕುತ್ತಾರೆ. ಗಲಾಟೆಗೆ ಕಾರಣವೇ ಕಾಯಿಲೆ ಆಗಿದ್ದರೆ ಒಂಟಿತನದಿಂದ ಅದು ಇನ್ನೂ ಕೆರಳುತ್ತದೆ. ಆಮೇಲೆ ಇನ್ನಷ್ಟು ಗಲಾಟೆ, ಇನ್ನಷ್ಟು ದಿನ ಕೋಣೆ. 2015ರಲ್ಲಿ ವಿಶ್ವಸಂಸ್ಥೆ ಕೈದಿಗಳ ಬಗೆಗಿನ ನಿಯಮಗಳನ್ನು ಹೊಸದಾಗಿ ಬರೆದು, 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾ ಅವರ ಹೆಸರಿಟ್ಟಿತು. ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಮನುಷ್ಯರ ಒಡನಾಟವಿಲ್ಲದೆ ಇಟ್ಟರೆ ಅದು ಒಂಟಿ ಸೆರೆ. ಸತತ 15 ದಿನ ಮೀರುವಂತಿಲ್ಲ. ಅದರಿಂದ ಕಾಯಿಲೆ ಹೆಚ್ಚುವವರನ್ನು ಒಂಟಿಯಾಗಿ ಇಡಲೇಬಾರದು. ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಒಳಗಿರುವವರಿಗೂ ಸಿಗಬೇಕು. ಇದೆಲ್ಲ ಅದರಲ್ಲಿದೆ. ಆದರೆ ಈ ನಿಯಮಗಳು ಕಾನೂನಿನ ಹಾಗೆ ಯಾವ ದೇಶವನ್ನೂ ನೇರವಾಗಿ ಕಟ್ಟಿಹಾಕುವುದಿಲ್ಲ. ಪ್ರತಿ ದೇಶವೂ ತನ್ನ ಕಾನೂನಿಗೆ ಇಳಿಸಿಕೊಳ್ಳಬೇಕು.

ಕೋರ್ಟಿನ ವಿಷಯಕ್ಕೆ ಬಂದರೆ ಎರಡು ಪ್ರಶ್ನೆಗಳಿವೆ. ತಪ್ಪು ನಡೆದ ಹೊತ್ತಿನಲ್ಲಿ ಇವರ ಮನಸ್ಸು ಹೇಗಿತ್ತು? ಈಗ ವಿಚಾರಣೆ ಎದುರಿಸಲು ಇವರಿಗೆ ಆಗುತ್ತದಾ? ಸಿನಿಮಾಗಳಲ್ಲಿ ಮೊದಲನೆಯದೇ ದೊಡ್ಡದು. ನಿಜ ಜೀವನದಲ್ಲಿ ಎರಡನೆಯದರಿಂದ ಆಗುವ ಅನಾಹುತ ಕಡಿಮೆಯಲ್ಲ. ಯಾಕೆಂದರೆ "ಈಗ ಆಗುವುದಿಲ್ಲ" ಅಂತ ಬರೆದ ಮೇಲೆ "ಈಗ ಆಗುತ್ತದೆ" ಅಂತ ಬರೆಯಲು ಯಾರಿಗೂ ನೆನಪಿರುವುದಿಲ್ಲ.

ಅಸ್ಸಾಂನ ಒಬ್ಬರನ್ನು 1951ರಲ್ಲಿ ಬಂಧಿಸಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಮನಸ್ಸು ಸರಿಯಿಲ್ಲ ಅಂತ ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಆಸ್ಪತ್ರೆಯವರು ಇವರು ಸರಿಯಾಗಿದ್ದಾರೆ ಅಂತ ಬರೆದುಕೊಟ್ಟರು. ಮನೆಗೆ ಹೋಗಬೇಕಾದವರು ಜೈಲಿಗೆ ಹೋದರು. ಅವರು ಹೊರಗೆ ಬಂದಿದ್ದು 2005ರಲ್ಲಿ. 54 ವರ್ಷ. ಅಷ್ಟೂ ವರ್ಷಗಳಲ್ಲಿ ಅವರ ಮೇಲಿನ ಕೇಸಿನ ವಿಚಾರಣೆ ನಡೆಯಲೇ ಇಲ್ಲ. ಬಿಡುಗಡೆಗೆ ಬರೆಸಿಕೊಂಡ ಮುಚ್ಚಳಿಕೆ ಒಂದು ರೂಪಾಯಿಯದು. ಯಾರೂ ಬೇಕಂತ ಕ್ರೂರವಾಗಿ ನಡೆದುಕೊಂಡಿರಲಿಕ್ಕಿಲ್ಲ. ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲಿಲ್ಲ ಅಷ್ಟೇ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ.

ಸಾಕ್ಷಿ ಹೇಳಲು ಬರುವವರನ್ನೂ ಮರೆಯಬೇಡಿ. ಅನ್ಯಾಯಕ್ಕೆ ಒಳಗಾದವರೇ ಮಾನಸಿಕ ತೊಂದರೆ ಇರುವವರಾದರೆ "ಇವಳ ಮಾತು ಏನು ನಂಬುವುದು" ಅಂತ ಕೇಸೇ ಹಾರಿಹೋಗುತ್ತದೆ. ಪರದೆಯ ಹಿಂದೆ ಕೂರಿಸಿ ಕೇಳಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಅದೇ ವ್ಯಕ್ತಿ ಸ್ಪಷ್ಟವಾಗಿ ಹೇಳಬಲ್ಲರು.

ಕೊನೆಯ ಬಾಗಿಲು, ಬಿಡುಗಡೆಯದು. ಅದು ಸಂತೋಷದ ದಿನ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಅಪಾಯ ಅಂಥದ್ದೇ ವಯಸ್ಸಿನ ಬೇರೆ ಜನರಿಗಿಂತ ಸುಮಾರು 13 ಪಟ್ಟು. ಮುಖ್ಯ ಕಾರಣ ಮಾದಕ ವಸ್ತುಗಳ ಅತಿ ಸೇವನೆ. ಒಳಗಿದ್ದಾಗ ದೇಹದ ತಡೆಯುವ ಶಕ್ತಿ ಇಳಿದಿರುತ್ತದೆ. ಹೊರಬಂದು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಅದೇ ವಿಷ. ಇನ್ನು ಮಾತ್ರೆಯ ಮೇಲೆ ಬದುಕುವವರು. ಜೈಲಿನ ಡಾಕ್ಟರ್ ಕೊಡುತ್ತಿದ್ದ ಮಾತ್ರೆ ಗೇಟಿನ ಹತ್ತಿರ ನಿಂತುಹೋಗುತ್ತದೆ. ಕೈಯಲ್ಲಿ ಚೀಟಿ ಇಲ್ಲ, ಯಾವ ಡಾಕ್ಟರ್ ಹತ್ತಿರ ಹೋಗಬೇಕು ಗೊತ್ತಿಲ್ಲ, ಮಲಗಲು ಜಾಗವೂ ಇಲ್ಲ. ಒಂದು ತಿಂಗಳಿಗೆ ಆಗುವಷ್ಟು ಮಾತ್ರೆ, ಆಸ್ಪತ್ರೆಯ ಒಂದು ದಿನಾಂಕ, ಗೇಟಿನಲ್ಲಿ ಕಾಯುವ ಒಬ್ಬ ಮನುಷ್ಯ. ಇಷ್ಟಿದ್ದರೆ ಎಷ್ಟೋ ಜನ ಮತ್ತೆ ಒಳಗೆ ಬರುವುದಿಲ್ಲ.

ಆ ಹುಡುಗನ ಕಥೆ ಅರ್ಧಕ್ಕೆ ಬಿಟ್ಟೆ. ಎರಡನೇ ಸಲ ಜಾಮೀನು ಸಿಕ್ಕಿತು. ಈ ಸಲ ಅವನ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಷರತ್ತು ಅನ್ನುವ ಮಾತನ್ನೇ ಎತ್ತಲಿಲ್ಲ. ಕೋರ್ಟಿಗೆ ಬರುವ ದಿನದವರೆಗೆ ಒಂದು ಹಾಳೆಯ ಮೇಲೆ ಚೌಕ ಬರೆದುಕೊಟ್ಟೆ, ದಿನಾ ಒಂದನ್ನು ಹೊಡೆದುಹಾಕು ಅಂದೆ. ನಾನು ಒಂದು ಮಾತು ಹೇಳುವುದು, ಅವನು ತನ್ನ ಮಾತಲ್ಲಿ ತಿರುಗಿ ಹೇಳುವುದು. ಬಹಳ ಹೊತ್ತು ಹಿಡಿಯಿತು. ನಡುವೆ ನಾನು ಹಳೆಯ ಚಾಳಿಯಲ್ಲಿ ಗಡಿಬಿಡಿಯಿಂದ ಏನೋ ಹೇಳಿ, "ಗೊತ್ತಾಯ್ತಾ?" ಅಂದೆ. ಅವನು ಅಕ್ಕನ ಕಡೆ ಒಂದು ಸಲ ನೋಡಿದ. ಆಮೇಲೆ ಮೆಲ್ಲಗೆ, "ಇಲ್ಲ ಮೇಡಂ" ಅಂದ.

ನಮಸ್ಕಾರ.