ಕಂಬದ ತುದಿಯಲ್ಲಿ ಗೋಧಿ ಸಿವುಡು

ಅಲ್ಲಿ ಗಾಳಿ ಎಷ್ಟಿತ್ತು ಅಂದ್ರೆ, ನಾನು ಮಾತಾಡಿದ್ದು ಒಂದು ಅಕ್ಷರವೂ ರೆಕಾರ್ಡ್ ಆಗಿಲ್ಲ. ಅದಕ್ಕೇ ಈಗ ಮನೆಯಲ್ಲಿ ಕೂತು ವಾಯ್ಸ್‌ಓವರ್ ಕೊಡ್ತಿದ್ದೀನಿ. ನೀವು ನೋಡ್ತಿರೋದು ಇಂಗ್ಲೆಂಡಿನ ನಾರ್ಫೋಕ್, ಕಡಲಂಚಿನ ಹೋಲ್ಕಮ್.

ಮೊದಲು ಇಲ್ಲಿನ ಜಮೀನ್ದಾರ ಮನೆತನದ ಹೆಸರಿನ ವಿಷಯ. ಬರೆಯೋದು 'ಕೋಕ್', ಕರೆಯೋದು 'ಕುಕ್'. ನಾನು ಟಿಕೆಟ್ ತಗೊಳ್ಳುವಾಗ ಕೋಕ್ ಅಂದೆ, ಕೌಂಟರಿನಲ್ಲಿದ್ದ ಅಜ್ಜಿ ಮೆಲ್ಲಗೆ ತಿದ್ದಿದ್ರು. ನಮ್ಮಲ್ಲಿ ಲಾ ಓದಿದವರಿಗೆ ಸರ್ ಎಡ್ವರ್ಡ್ ಕೋಕ್ ಹೆಸರು ಗೊತ್ತಿರುತ್ತೆ, ರಾಜನೂ ಕಾನೂನಿನ ಕೆಳಗೇ ಅಂದ ನ್ಯಾಯಾಧೀಶ. ಈ ಮನೆತನದ ಆಸ್ತಿಗೆ ಬುನಾದಿ ಹಾಕಿದ್ದು ಅವನೇ. ನಾನು ಹುಡುಕಿಕೊಂಡು ಬಂದಿದ್ದು ಅದೇ ವಂಶದ, ಬೇಸಾಯಕ್ಕೆ ಹೆಸರಾದ ಥಾಮಸ್ ವಿಲಿಯಂ ಕೋಕ್‌ನ, 1754ರಲ್ಲಿ ಹುಟ್ಟಿದವನು.

ವಂಶ ಅಂದೆ, ಅದರಲ್ಲೂ ಒಂದು ತಿರುವು ಇದೆ. ಈ ಭಾರೀ ಮನೆ ಕಟ್ಟಿಸಿದವನ ಒಬ್ಬನೇ ಮಗ ಅಪ್ಪನಿಗಿಂತ ಮುಂಚೆ ತೀರಿಕೊಂಡ. ಆಸ್ತಿ ಸೋದರಳಿಯನ ಪಾಲಾಯ್ತು. ಅವನು ರಾಬರ್ಟ್ಸ್ ಅನ್ನೋ ಮನೆಹೆಸರು ಬಿಟ್ಟು ಕೋಕ್ ಆದ. ಅವನ ಮಗನೇ ನಮ್ಮ ಥಾಮಸ್. 1776ರಲ್ಲಿ ಅಪ್ಪ ಹೋದಾಗ ಹುಡುಗನಿಗೆ ಇನ್ನೂ 22 ತುಂಬಿರಲಿಲ್ಲ. ಕೈಗೆ ಬಂದಿದ್ದು ಸುಮಾರು 30,000 ಎಕರೆ, ಜೊತೆಗೆ ಅಪ್ಪ ಕೂತಿದ್ದ ಪಾರ್ಲಿಮೆಂಟ್ ಸೀಟು! ನಡುವೆ ಕೆಲವು ವರ್ಷ ಬಿಟ್ಟರೆ 1832ರವರೆಗೂ ಸಂಸದ. ರಾಜನ ಅಧಿಕಾರಕ್ಕೆ ಕಡಿವಾಣ ಬೇಕು ಅನ್ನೋ ವಿಗ್ ಪಕ್ಷದವನು, ಆ ಪಕ್ಷದ ನಾಯಕ ಚಾರ್ಲ್ಸ್ ಜೇಮ್ಸ್ ಫಾಕ್ಸ್‌ನ ಗೆಳೆಯ, ಅಮೆರಿಕ ಸ್ವತಂತ್ರ ಆಗಲಿ ಅಂದವನು.

ಈಗ ಅವನ ನೆನಪಿಗೆ ನಿಲ್ಲಿಸಿದ ಈ ಕಂಬ ನೋಡಿ. ಎತ್ತರ 120 ಅಡಿ, 1845ರಲ್ಲಿ ಶುರು ಮಾಡಿದ್ದು. ಇಂಥ ಕಂಬದ ಮೇಲೆ ಸೇನಾಪತಿ ನಿಂತಿರ್ತಾನೆ ಅಂದ್ಕೋತೀವಿ. ಇಲ್ಲಿ ತುದಿಯಲ್ಲಿರೋದು ಗೋಧಿ ಸಿವುಡು. ಬುಡದ ನಾಲ್ಕು ಮೂಲೆಗಳಲ್ಲಿ ಡೆವನ್ ತಳಿಯ ಎತ್ತು, ಸೌತ್‌ಡೌನ್ ಕುರಿ, ನೇಗಿಲು, ಆಮೇಲೆ... ಇದೇನು ಗಾಡಿ ಅಂತ ಎರಡು ಸಲ ಸುತ್ತು ಹಾಕಿದೆ. ಕೂರಿಗೆ! ಕಲ್ಲಿನ ಕೂರಿಗೆ. ನಾನು ಈ ಕಂಬದಲ್ಲಿ ಅತಿ ಹೆಚ್ಚು ಹೊತ್ತು ನಿಂತಿದ್ದು ಅದರ ಮುಂದೆ.

ಟರ್ನಿಪ್, ಬಾರ್ಲಿ, ಕ್ಲೋವರ್ ಅನ್ನೋ ಮೇವು, ಗೋಧಿ ಅಂತ ವರ್ಷಕ್ಕೊಂದು ಬೆಳೆ ಬದಲಿಸೋದು, ಟರ್ನಿಪ್ ಹೊಲಕ್ಕೆ ಕುರಿಮಂದೆ ಬಿಟ್ಟು ಗೊಬ್ಬರ ಮಾಡಿಸೋದು, ಇದು ನಾರ್ಫೋಕ್ ಪದ್ಧತಿ. ಒಕ್ಕಲುಗಳಿಗೆ 21 ವರ್ಷದಷ್ಟು ಉದ್ದದ ಗೇಣಿ ಕೊಟ್ಟರೆ ಅವರೂ ಭೂಮಿಗೆ ದುಡ್ಡು ಹಾಕ್ತಾರೆ ಅನ್ನೋದು ಲೆಕ್ಕಾಚಾರ. ಪ್ರತಿ ವರ್ಷ ಕುರಿ ಉಣ್ಣೆ ಕತ್ತರಿಸೋ ಹೊತ್ತಿಗೆ ಕೋಕ್ ಊರೂರಿನ ರೈತರನ್ನ ಕರೆದು ಹೊಲ ತೋರಿಸಿ, ಊಟ ಹಾಕಿಸ್ತಿದ್ದ. ಹಳೇ ಪುಸ್ತಕಗಳು ಇವನೇ ಬರಡು ಭೂಮಿಗೆ ಜೀವ ಕೊಟ್ಟ ಅಂತ ಹಾಡಿ ಹೊಗಳಿವೆ. ಅಷ್ಟು ನಂಬಬೇಡಿ. ಟರ್ನಿಪ್ಪು, ಬೆಳೆ ಬದಲಾವಣೆ, ಉದ್ದದ ಗೇಣಿ ಇವೆಲ್ಲ ಇವನಿಗಿಂತ ಮೊದಲೇ ಇಲ್ಲಿದ್ದವು ಅಂತ ಆಮೇಲಿನ ಇತಿಹಾಸಕಾರರು ಲೆಕ್ಕಪತ್ರ ತೆಗೆದು ತೋರಿಸಿದ್ದಾರೆ. ಊರಿಗೆಲ್ಲ ಸಾರಿದ್ದು ಇವನು. ಅದೂ ಒಂದು ಕೆಲಸವೇ ಬಿಡಿ.

ಸರಿ, ಮನೆಯೊಳಗೆ ಬರೋಣ. ಮೊದಲ ಹೆಂಡತಿ ಜೇನ್ ಡಟನ್. ಮೂರು ಹೆಣ್ಣುಮಕ್ಕಳು, ಗಂಡು ಇಲ್ಲ. 1800ರಲ್ಲಿ ಅವಳು ತೀರಿಕೊಂಡಳು. ಸುಮಾರು 22 ವರ್ಷ ಕಳೆದ ಮೇಲೆ, 67ರ ವಯಸ್ಸಿನಲ್ಲಿ, ಅಜ್ಜ ಇನ್ನೊಂದು ಮದುವೆ ಆದ. ಹುಡುಗಿ ಲೇಡಿ ಆನ್ ಕೆಪೆಲ್‌ಗೆ 18. ಅದೇ ತಿಂಗಳು ಹುಡುಗಿಯ ಅಪ್ಪ ಕೋಕ್‌ನ ಸೋದರ ಸೊಸೆಯನ್ನ ಮದುವೆ ಆಗಿದ್ದ. ಯಾರು ಯಾರಿಗೆ ಏನಾಗಬೇಕು ಅಂತ ಪೇಪರ್ ಮೇಲೆ ಬರೆದು ನೋಡಿದೆ, ತಲೆ ಕೆಟ್ಟುಹೋಯ್ತು. ಆ ವರ್ಷ ಮುಗಿಯೋದರೊಳಗೆ, ಡಿಸೆಂಬರ್ 26ಕ್ಕೆ, ಗಂಡು ಮಗು. ಆಸ್ತಿ ಅವನಿಗೇ ಹೋಯ್ತು. ಎರಡನೇ ಮಗ ಎಡ್ವರ್ಡ್ ಎಸ್ಟೇಟಿನ ಬೇಟೆ ಪ್ರಾಣಿಗಳನ್ನ ಕಾಯೋ ಕಾವಲುಗಾರರಿಗೆ ಕೊಂಬೆ ತಾಗಿದರೂ ಬೀಳದಂಥ ಗಟ್ಟಿ ಟೋಪಿ ಬೇಕು ಅಂತ 1849ರಲ್ಲಿ ಲಂಡನ್ನಿನಲ್ಲಿ ಮಾಡಿಸಿ, ಅಂಗಡಿಯಲ್ಲೇ ಮೇಲೆ ಹತ್ತಿ ತುಳಿದು ನೋಡಿದನಂತೆ. ಅದೇ ಬೌಲರ್ ಹ್ಯಾಟ್.

ಆದ್ರೆ ನನಗೆ ಹಿಡಿಸಿದ್ದು ಆಸ್ತಿ ಸಿಗದ ಹೆಣ್ಣುಮಕ್ಕಳ ಕಡೆಯ ಕಥೆ. ಒಬ್ಬ ಮಗಳ ಮಗ ಜಾರ್ಜ್ ಆನ್ಸನ್ ಇಂಡಿಯಾದ ಕಮಾಂಡರ್-ಇನ್-ಚೀಫ್ ಆಗಿ ಬಂದ. 1857ರ ಮೇ ತಿಂಗಳಲ್ಲಿ ದಿಲ್ಲಿ ಕಡೆ ಸೈನ್ಯ ಕರೆದುಕೊಂಡು ಹೊರಟವನು ಕರ್ನಾಲ್‌ನಲ್ಲಿ ಕಾಲರಾ ಬಡಿದು ಸತ್ತ. ಇನ್ನೊಬ್ಬ ಮಗಳ ಮಗಳು ಜೇನ್ ಡಿಗ್ಬಿ. 17ಕ್ಕೇ ಲಾರ್ಡ್ ಎಲೆನ್‌ಬರೋಗೆ ಕೊಟ್ಟು ಮದುವೆ ಮಾಡಿದ್ರು. ಹೌದು, ಮುಂದೆ ಗವರ್ನರ್ ಜನರಲ್ ಆಗಿ ಘಜ್ನಿಯಿಂದ ಸೋಮನಾಥದ ಬಾಗಿಲು ಅಂತ ಬೇರೆ ಯಾವುದೋ ಬಾಗಿಲು ಹೊರಿಸಿಕೊಂಡು ಬಂದನಲ್ಲ, ಅವನೇ. ಜೇನ್ ಒಬ್ಬ ಆಸ್ಟ್ರಿಯಾ ರಾಜತಾಂತ್ರಿಕನ ಹಿಂದೆ ಹೋದಳು. ಆಗ ಡೈವೋರ್ಸ್‌ಗೆ ಪಾರ್ಲಿಮೆಂಟಿನಲ್ಲೇ ಕಾಯ್ದೆ ಆಗಬೇಕಿತ್ತು. 1830ರಲ್ಲಿ ಅವಳ ಸಂಸಾರ ಅಲ್ಲಿ ಚರ್ಚೆಗೆ ಬಂದಾಗ, ಅಜ್ಜ ಅದೇ ಪಾರ್ಲಿಮೆಂಟಿನ ಸದಸ್ಯ.

ಕೋಕ್ 1837ರಲ್ಲಿ ಅರ್ಲ್ ಅನ್ನೋ ದೊಡ್ಡ ಬಿರುದು ಪಡೆದ, 1842ರಲ್ಲಿ ತೀರಿಕೊಂಡ. ಜೇನ್ ಇನ್ನೂ ಮೂರು ಮದುವೆ ಆದಳು. ಕೊನೆಯವನು ಸಿರಿಯಾದ ಮರುಭೂಮಿಯಲ್ಲಿ ಅಲೆಯೋ ಬೆದೂಯಿನ್ ಬುಡಕಟ್ಟಿನ ಶೇಖ್ ಮೆಜುವೆಲ್. ಅವಳ ಸಮಾಧಿ ಡಮಾಸ್ಕಸ್‌ನಲ್ಲಿದೆ. ಅಜ್ಜನದು ಇಲ್ಲೇ ಟಿಟಲ್‌ಶಲ್ ಅನ್ನೋ ಹಳ್ಳಿ ಚರ್ಚಿನಲ್ಲಿ, ಆ ನ್ಯಾಯಾಧೀಶನೂ ಅಲ್ಲೇ ಮಲಗಿದ್ದಾನೆ. ಹೋಗಿ ಬರೋಣ ಅಂತ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಂತೆ. ಆ ಕಡೆಗೆ ಬಸ್ಸೇ ಸಿಗಲಿಲ್ಲ.