ರೇಸ್ ಕೊಟ್ಟರೆ ಬಲ್ಬ್ ಢಮಾರ್! ತಪ್ಪು ಬ್ಯಾಟರಿದಾ?

[ಕ್ಯಾಮೆರಾ ಮುಂದೆ, ಕೈಯಲ್ಲಿ ಸುಟ್ಟ ಹೆಡ್‌ಲೈಟ್ ಬಲ್ಬ್]

ನಮಸ್ಕಾರ. ಗೋವಾದ ವಾಸ್ಕೋದ ಬೈನಾದಿಂದ ನಮ್ಮ ವಿಜಯಪುರದ ತಮ್ಮ ಒಬ್ಬ ತನ್ನ ಹಳೇ ಸ್ಕೂಟರ್ ಬಗ್ಗೆ ಕೇಳಿದ್ದಾನೆ. ಅವನ ಮಾತಲ್ಲೇ ಓದ್ತೀನಿ: "ಅಣ್ಣಾ, ಬ್ಯಾಟರಿ ಹೊಸಾದ್ ಹಾಕ್ಸೇನಿ. ಆದ್ರೂ ವೆರ್ಣಾ ಕಡೆ ಏರ್ ಹತ್ತೂಮುಂದ ರೇಸ್ ಕೊಟ್ರ ಹೆಡ್‌ಲೈಟ್ ಬಲ್ಬ್ ಹೋಗೇಬಿಡ್ತೈತ್ರಿ. ಹೊಸಾ ಬಲ್ಬ್ ಹಾಕಿದ್ರ ಅದೂ ಹೋತು. ಬಲ್ಬ್ ಕಂಪನಿಯವ್ರ ಮೋಸಾ ಏನ್ರಿ ಇದು?"

ತಮ್ಮಾ, ಬಲ್ಬ್ ಕಂಪನಿ ಪಾಪ ಏನೂ ಮಾಡಿಲ್ಲ. ಬ್ಯಾಟರಿಗೆ ಕೊಟ್ಟ ದುಡ್ಡು ಮಾತ್ರ ಗೋವಿಂದ. ಯಾಕಂದ್ರೆ ನಿನ್ನ ಗಾಡಿಯ ಹೆಡ್‌ಲೈಟಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ!

ಬೇಸಿಕ್ಸ್ ಬೇಗ ಮುಗಿಸ್ತೀನಿ. ಎಂಜಿನ್ ಪಕ್ಕ ಮ್ಯಾಗ್ನೆಟ್ ತಿರುಗುತ್ತೆ, ಒಳಗಿನ ಕಾಯಿಲ್‌ನಲ್ಲಿ ಎಸಿ ಕರೆಂಟ್ (ದಿಕ್ಕು ಬದಲಿಸ್ತಾ ಹರಿಯೋದು) ಹುಟ್ಟುತ್ತೆ, ಆರ್‌ಆರ್ ಯೂನಿಟ್, ಅಂದ್ರೆ ರೆಗ್ಯುಲೇಟರ್-ರೆಕ್ಟಿಫೈಯರ್ ಡಬ್ಬಿ, ಅದನ್ನ ಡಿಸಿ (ಒಂದೇ ದಿಕ್ಕಿನ ಕರೆಂಟ್) ಮಾಡಿ, ಹದಕ್ಕೆ ತಂದು ಬ್ಯಾಟರಿಗೆ ಕೊಡುತ್ತೆ. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ತಾನೇ ಉರಿಯೋ ನಿಯಮ ಬಂತು. ಅದಕ್ಕಿಂತ ಹಳೇ ಗಾಡಿ, ಅಂದ್ರೆ ಹ್ಯಾಂಡಲ್ ಮೇಲೆ ಹೆಡ್‌ಲೈಟ್ ಸ್ವಿಚ್ ಇರೋ ಸ್ಕೂಟರ್, ಬಹಳಷ್ಟು ಇಂಥವೇ: ಹೆಡ್‌ಲೈಟಿಗೆ ಕರೆಂಟ್ ಕಾಯಿಲ್‌ನಿಂದ ನೇರ. ಪರೀಕ್ಷೆ ಸುಲಭ. ಎಂಜಿನ್ ಆಫ್ ಇದ್ದಾಗ ಕೀ ತಿರುಗಿಸಿ ಸ್ವಿಚ್ ಒತ್ತಿ. ಹಾರ್ನ್ ಕೂಗುತ್ತೆ, ಹೆಡ್‌ಲೈಟ್ ಉರಿಯಲ್ಲ ಅಂದ್ರೆ ಎಸಿ ಲೈಟು. ಸಿಗ್ನಲ್‌ನಲ್ಲಿ ನಿಂತಾಗ ಮಂಕಾಗಿ, ಹೊರಟಾಗ ಜೋರಾಗೋದೂ ಅದಕ್ಕೇ. ಅದು ರೋಗ ಅಲ್ಲ, ಸ್ವಭಾವ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಎಡಿಟರ್ ಕಟ್ ಮಾಡು ಅಂತಾನೆ, ನಾನು ಬಿಡಲ್ಲ.

ರೇಸ್ ಏರಿದ ಹಾಗೆ ಕಾಯಿಲ್ ಕೊಡೋ ವೋಲ್ಟೇಜೂ ಏರ್ತಾ ಹೋಗುತ್ತೆ. ಅದಕ್ಕೆ ಬ್ರೇಕ್ ಇಲ್ಲ. ಬಲ್ಬ್ 12 ವೋಲ್ಟಿಂದು. ಹಾಗಾದ್ರೆ ಹೆಚ್ಚಿಗೆ ಬಂದದ್ದನ್ನ, ಹೆಡ್‌ಲೈಟ್ ಲೈನಿಗೂ ಕಾವಲಿರೋ ಆರ್‌ಆರ್ ಯೂನಿಟ್ ಏನು ಮಾಡುತ್ತೆ? ಉತ್ಪಾದನೆ ತಗ್ಗಿಸುತ್ತಾ? ಇಲ್ಲ! ಬೇಡದ್ದನ್ನೆಲ್ಲ ಸೀದಾ ಅರ್ಥ್‌ಗೆ, ಅಂದ್ರೆ ಗಾಡಿಯ ಲೋಹದ ಮೈಗೆ, ಸುರಿದುಬಿಡುತ್ತೆ. ಯೂನಿಟ್ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳು ಇರೋದು ಆ ಕೆಲಸದಲ್ಲಿ ಹುಟ್ಟೋ ಬಿಸಿ ಹೊರಗೆ ಹೋಗಲಿ ಅಂತ. ಮನೆ ಮೇಲಿನ ನೀರಿನ ಟ್ಯಾಂಕಿನ ಓವರ್‌ಫ್ಲೋ ಪೈಪ್ ನೆನಪಿಸ್ಕೊಳ್ಳಿ. ಕೆಳಗೆ ಮೋಟರ್ ಓಡ್ತಾನೇ ಇದೆ, ಹೆಚ್ಚಾದ ನೀರು ಪೈಪ್‌ನಲ್ಲಿ ಆಚೆ ಹೋಗ್ತಾ ಇದೆ. ಆ ಪೈಪಿಗೆ ಪಾಚಿ ಕಟ್ಟಿತು ಅನ್ಕೊಳ್ಳಿ. ಮುಚ್ಚಳ ಎದ್ದು ನೀರು ಸಿಕ್ಕ ಸಿಕ್ಕ ಕಡೆ ನುಗ್ಗುತ್ತೆ. ಇಲ್ಲಿ ಆ ಪೈಪು ಯಾವುದು ಗೊತ್ತಾ? ಆರ್‌ಆರ್ ಯೂನಿಟ್‌ನ ಅರ್ಥ್ ವೈರು, ಒಂದೇ ಒಂದು ವೈರು.

[ಕ್ಲೋಸಪ್: ಬಿಚ್ಚಿದ ಕಪ್ಲರ್, ಅಂದ್ರೆ ಯೂನಿಟ್‌ಗೆ ವೈರ್‌ಗಳು ಸೇರೋ ಪ್ಲಾಸ್ಟಿಕ್ ಪ್ಲಗ್]

ನೋಡಿ. ಒಂದು ಪಿನ್ ಮೇಲೆ ಹಸಿರು ಪುಡಿ, ಸುತ್ತ ಪ್ಲಾಸ್ಟಿಕ್ ಕಂದಿ ಕಾಫಿ ಬಣ್ಣಕ್ಕೆ ತಿರುಗಿದೆ. ಕಿಲುಬು. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಿಕ್ಕ ತಿಂಗಳು ಉಪ್ಪುಗಾಳಿ. ತಾಮ್ರಕ್ಕೆ ರಜಾನೇ ಇಲ್ಲ. ಹೋಂಡಾ ಗಾಡಿಗಳಲ್ಲಿ ಅರ್ಥ್ ವೈರಿನ ಬಣ್ಣವೂ ಹಸಿರೇ, ಹಾಗಾಗಿ ಕಿಲುಬು ಯಾವುದು ವೈರ್ ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡ್ಬೇಕು!

ಇನ್ನೊಂದು ತಮಾಷೆ. ಹೆಡ್‌ಲೈಟ್ ಸುಮಾರು 35 ವ್ಯಾಟ್. ಅದು ಸುಟ್ಟಿತು ಅಂದ್ರೆ ಅಷ್ಟು ಹೊರೆ ಒಮ್ಮೆಗೇ ಇಳಿಯಿತು, ವೋಲ್ಟೇಜ್ ಇನ್ನೂ ಜಿಗಿಯಿತು. ಆ ಏಟು ಹಿಂದಿನ 5 ವ್ಯಾಟ್ ಟೈಲ್ ಲ್ಯಾಂಪಿಗೆ, ಮೀಟರ್ ಬಲ್ಬಿಗೆ. ಒಂದೇ ರಾತ್ರಿ ಎಲ್ಲ ಸಾಲಾಗಿ ಹೋಗೋದು ಇದಕ್ಕೇ, ದೃಷ್ಟಿ ತಾಗಿ ಅಲ್ಲ.

ಮಾಡಬೇಕಾದ್ದು: ಕಪ್ಲರ್ ಪಿನ್ ತಿಕ್ಕಿ, ಯೂನಿಟ್ ಕೂರೋ ಬೋಲ್ಟ್ ಜಾಗ ಎಮರಿ ಪೇಪರ್‌ನಿಂದ ಲೋಹ ಹೊಳೆಯೋವರೆಗೂ ಉಜ್ಜಿ ಬಿಗಿ ಮಾಡಿ. ಎಂಜಿನ್ ಓಡ್ತಿರುವಾಗ ಮಲ್ಟಿಮೀಟರ್‌ನ ಒಂದು ಕಡ್ಡಿ ಯೂನಿಟ್‌ನ ಅರ್ಥ್ ಪಿನ್ನಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. ವೋಲ್ಟ್ ಸೊನ್ನೆ ಹತ್ತಿರ ಇರಬೇಕು. ಇಷ್ಟಾದಮೇಲೂ ಬಲ್ಬ್ ಸುಟ್ರೆ ಆಗ ಹೊಸ ಯೂನಿಟ್ ತನ್ನಿ.

ಬ್ಯಾಟರಿ ಚಾರ್ಜ್ ಆಗಲ್ಲ ಅನ್ನೋರಿಗೆ: ಮಲ್ಟಿಮೀಟರನ್ನ ಡಿಸಿ 20 ವೋಲ್ಟ್‌ಗೆ ಇಟ್ಟು ಕಡ್ಡಿಗಳನ್ನ ಬ್ಯಾಟರಿಯ ಪ್ಲಸ್, ಮೈನಸ್‌ಗೆ ಹಿಡೀರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಸುಮಾರು 12.6. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.5ರಿಂದ 14.5. ಏರಲೇ ಇಲ್ಲ ಅಂದ್ರೆ ಕಾಯಿಲ್, ಕಪ್ಲರ್, ಯೂನಿಟ್, ಈ ಮೂರರಲ್ಲೊಂದು. 15 ದಾಟಿದ್ರೆ ಯೂನಿಟ್ ಅಥವಾ ಅದರ ಅರ್ಥ್. ಹಾಗೇ ಓಡಿಸಿದ್ರೆ ಬ್ಯಾಟರಿ ಬೆಂದುಹೋಗುತ್ತೆ.

"ಕಾಯಿಲ್‌ಗೂ ಬಾಡಿಗೂ ಕನೆಕ್ಷನ್ ತೋರಿಸ್ತಿದೆ, ಕಾಯಿಲ್ ಸುಟ್ಟಿದೆ" ಅಂತ ಯಾರಾದ್ರೂ ಬಿಲ್ ಕೈಗಿಟ್ಟರೆ ಸ್ವಲ್ಪ ತಡೀರಿ. ಹಳೇ ಸ್ಕೂಟರ್‌ಗಳಲ್ಲಿ ಕಾಯಿಲ್‌ನ ಒಂದು ತುದಿ ಎಂಜಿನ್‌ಗೇ ಜೋಡಿಸಿರ್ತಾರೆ, ಕನೆಕ್ಷನ್ ತೋರಿಸಲೇಬೇಕು. ಮೂರು ಹಳದಿ ವೈರ್ ಬರೋ ಹೊಸ ಥ್ರೀ ಫೇಸ್ ಗಾಡಿಗಳಲ್ಲಿ ಮಾತ್ರ ಬಾಡಿಗೆ ತಾಗಿದ್ರೆ ತಪ್ಪು.

ಟೈಮ್ ಆಯ್ತು, ಉಳಿದದ್ದು ಒಂದೇ ಉಸಿರಲ್ಲಿ. ಇಂಡಿಕೇಟರ್ ಸಿಕ್ಕಾಪಟ್ಟೆ ಬೇಗ ಮಿನುಗ್ತಿದ್ರೆ ಆ ಕಡೆ ಒಂದು ಬಲ್ಬ್ ಹೋಗಿದೆ, ಇಲ್ಲಾಂದ್ರೆ ಎಲ್‌ಇಡಿ ಹಾಕಿ, ಇಂಡಿಕೇಟರ್ ಮಿನುಗಿಸೋ ರಿಲೇ ಹಳೇದೇ ಬಿಟ್ಟಿದ್ದೀರಿ. ಬ್ರೇಕ್ ಲಿವರ್ ಸ್ವಿಚ್ ಅಂಟಿಕೊಂಡ್ರೆ 21 ವ್ಯಾಟ್ ಬಲ್ಬ್ ದಾರಿಯುದ್ದಕ್ಕೂ ಉರಿಯುತ್ತೆ, ಹಿಂದೆ ಬರೋರನ್ನ ಕೇಳಿ. ಫ್ಯೂಸ್ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋರಿಗೆ ಕೈ ಮುಗಿದು ಹೇಳ್ತೀನಿ, ವೈರಿಂಗ್‌ಗೆ ಬೆಂಕಿ ಹತ್ತುತ್ತೆ. ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಎಂಜಿನ್ ಓಡ್ತಿರುವಾಗ ಬ್ಯಾಟರಿ ವೈರ್ ಕಿತ್ತು ಟೆಸ್ಟ್ ಮಾಡೋ ಹಳೇ ಗ್ಯಾರೇಜ್ ವಿದ್ಯೆ ಬೇಡವೇ ಬೇಡ. ಇಸಿಯು, ಅಂದ್ರೆ ಎಂಜಿನ್ ನಡೆಸೋ ಪುಟ್ಟ ಕಂಪ್ಯೂಟರ್, ಹೋದ್ರೆ ಬ್ಯಾಟರಿ ರೇಟು ಅಗ್ಗ ಅನ್ನಿಸುತ್ತೆ.

ಕಪ್ಪು ಪ್ಲೇಟಿನ ಬಾಡಿಗೆ ಸ್ಕೂಟರ್ ನಡೆಸೋ ನಮ್ಮ ಹುಡುಗ್ರಿಗೆ: ನಿಲ್ಲಿಸಿದ ಗಾಡಿ ವಾರಕ್ಕೆ ಡೆಡ್ ಆಗ್ತಿದ್ರೆ ಮೊದಲು ಜಿಪಿಎಸ್ ಟ್ರ್ಯಾಕರ್ ನೋಡಿ. ಕೀ ಆಫ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ, ಮಧ್ಯೆ ಮೀಟರನ್ನ ಆಂಪಿಯರ್‌ಗೆ ಇಟ್ಟು ಎಷ್ಟು ಎಳೀತಿದೆ ನೋಡಿ. ಆಮೇಲೆ ಟ್ರ್ಯಾಕರ್ ವೈರ್ ತೆಗೆದು ಇನ್ನೊಮ್ಮೆ ನೋಡಿ. ಮೀಟರ್ ಹಾಕಿರುವಾಗ ಸೆಲ್ಫ್ ಮಾತ್ರ ಒತ್ತಬೇಡಿ, ಮೀಟರಿನ ಫ್ಯೂಸ್ ಹಾರುತ್ತೆ.