ಸತ್ತವನನ್ನು ನೋಡಿದೆ ಅಂದವರು ಯಾರು?

ಕ್ರಿ.ಶ. 14. ರೋಮ್‌ನಲ್ಲಿ ಚಕ್ರವರ್ತಿ ಆಗಸ್ಟಸ್‌ನ ಚಿತೆ ಉರಿದು ಆರಿದೆ. ನುಮೇರಿಯಸ್ ಆಟಿಕಸ್ ಅನ್ನುವ ಸೆನೆಟರ್ ಒಬ್ಬ ಆಣೆ ಮಾಡಿ ಹೇಳುತ್ತಾನೆ: ಚಕ್ರವರ್ತಿ ಆಕಾಶಕ್ಕೆ ಏರಿ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಆಗಸ್ಟಸ್‌ನ ಹೆಂಡತಿ ಲಿವಿಯಾ ಅವನಿಗೆ 10 ಲಕ್ಷ ಸೆಸ್ಟರ್ಸ್ (ರೋಮಿನ ನಾಣ್ಯ) ಕೊಟ್ಟಳು ಅಂತ ಇತಿಹಾಸಕಾರ ಡಿಯೊ ಬರೆದಿದ್ದಾನೆ. ಆಗಿನ ಕಾಲದಲ್ಲಿ ಒಬ್ಬ ಸಾಮಾನ್ಯ ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ಅಂದರೆ ಅವನು 1,100 ವರ್ಷ ದುಡಿದರೂ ಅಷ್ಟು ದುಡ್ಡು ಆಗುವುದಿಲ್ಲ. ಆಗಸ್ಟಸ್ ದೇವರು ಅಂತ ಸೆನೆಟ್ ಘೋಷಿಸಿತು. ಗುಡಿ ಕಟ್ಟಿದರು, ಪೂಜಾರಿಗಳನ್ನು ನೇಮಿಸಿದರು.

ಇದಾಗಿ ಇಪ್ಪತ್ತು ವರ್ಷ ತುಂಬುವುದರೊಳಗೆ, ಅದೇ ಸಾಮ್ರಾಜ್ಯದ ಒಂದು ಮೂಲೆಯಲ್ಲಿ, ಮಗ್ದಲದ ಮರಿಯಳು ಅನ್ನುವ ಹೆಂಗಸು ಯೇಸುವಿನ ಸಮಾಧಿಯ ಹತ್ತಿರದಿಂದ ಓಡಿ ಬಂದು ಹೇಳುತ್ತಾಳೆ: ನಾನು ಅವರನ್ನು ನೋಡಿದೆ.

ಈ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನನ್ನ ಜೊತೆ ಸ್ವಲ್ಪ ಹೊತ್ತು ಯೋಚನೆ ಮಾಡಿ. ಯೇಸು ಎದ್ದು ಬಂದರೋ ಇಲ್ಲವೋ ಅಂತ ಇಲ್ಲಿ ತೀರ್ಮಾನ ಮಾಡಲು ಹೊರಟಿಲ್ಲ, ಅದು ನಿಮ್ಮ ನಿಮ್ಮ ನಂಬಿಕೆ. ನನ್ನ ಮಾತು ರೋಮನ್ನರ ಬಗ್ಗೆ. ಸತ್ತವರು ವಾಪಸ್ ಬರುವುದು ಸಾಧ್ಯವೇ ಇಲ್ಲ, ಅದಕ್ಕೇ ಅವರು ಕ್ರೈಸ್ತರ ಮಾತನ್ನು ತಳ್ಳಿಹಾಕಿದರು ಅಂತ ಸುಮಾರು ಜನ ಹೇಳುತ್ತಾರೆ. ಅದು ಅರ್ಧ ಸತ್ಯ ಅಷ್ಟೇ. ಎಷ್ಟೋ ಸಲ ಅವರು ಮೊದಲು ನೋಡಿದ್ದು ಏನು ಹೇಳಿದರು ಅನ್ನುವುದನ್ನಲ್ಲ, ಯಾರು ಹೇಳಿದರು ಅನ್ನುವುದನ್ನು.

ಇಂಥ ಕಥೆಗಳು ಅವರಿಗೆ ಹೊಸದೇನೂ ಆಗಿರಲಿಲ್ಲ. ಹಿರಿಯ ಪ್ಲೀನಿ ಅನ್ನುವ ವಿದ್ವಾಂಸ ಸತ್ತು ಬದುಕಿದವರ ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಅದರಲ್ಲಿ ಅವಿಯೋಲ ಅನ್ನುವ ಮಾಜಿ ಕಾನ್ಸುಲ್, ಅಂದರೆ ರೋಮಿನ ದೊಡ್ಡ ಅಧಿಕಾರಿ, ಇದ್ದಾನೆ. ಚಿತೆಯ ಮೇಲೆ ಅವನಿಗೆ ಜೀವ ಬಂತಂತೆ, ಆದರೆ ಅಷ್ಟರಲ್ಲಿ ಬೆಂಕಿಯ ಜೋರು ಎಷ್ಟಿತ್ತೆಂದರೆ ಯಾರಿಗೂ ಹತ್ತಿರ ಹೋಗಲು ಆಗದೆ ಅವನು ಜೀವಂತ ಸುಟ್ಟುಹೋದ. ರೋಮ್ ಕಟ್ಟಿದ ರೊಮುಲಸ್ ಸತ್ತ ಮೇಲೆ ಕಾಣಿಸಿಕೊಂಡು ಮಾತಾಡಿದ ಅನ್ನುವ ಕಥೆಯೂ ಇತ್ತು. ಅದನ್ನು ಹೇಳಿದವನು ಪ್ರೊಕ್ಯುಲಸ್ ಜೂಲಿಯಸ್, ಊರಲ್ಲಿ ಮರ್ಯಾದೆ ಇದ್ದ ಮನುಷ್ಯ. ಅವನ ಒಬ್ಬನ ಮಾತಿಗೆ ಜನ ಎಷ್ಟು ಬೇಗ ಸಮಾಧಾನ ಆದರು ಅಂತ ಈ ಕಥೆ ಬರೆದ ಇತಿಹಾಸಕಾರ ಲಿವಿಗೇ ಆಶ್ಚರ್ಯ.

ಇನ್ನು ಕ್ರೈಸ್ತರ ಮಾತು ಕೇಳಿದ ಅಧಿಕಾರಿಗಳು ಏನಂದರು? ಬೈಬಲ್ಲಿನಲ್ಲೇ ಇದೆ. ರೋಮನ್ ಗವರ್ನರ್ ಫೆಸ್ತ, ಯೇಸು ಎದ್ದು ಬಂದರು ಅಂತ ಸಾರುತ್ತಿದ್ದ ಪೌಲನ ಮಾತು ಕೇಳುತ್ತಾ ಕೇಳುತ್ತಾ ಜೋರಾಗಿ ಕೂಗುತ್ತಾನೆ: ಪೌಲನೇ, ನಿನಗೆ ಹುಚ್ಚು, ಜಾಸ್ತಿ ಓದಿ ನಿನ್ನ ತಲೆ ಕೆಟ್ಟಿದೆ. ಆದರೂ ಪೌಲನದು ಓದಿದವನ ಹುಚ್ಚು. ರೋಮನ್ ಪ್ರಜೆ ಬೇರೆ. ಅವನ ಮೈಮೇಲೆ ಕೈ ಹಾಕುವಂತಿರಲಿಲ್ಲ.

ಸುಮಾರು 50 ವರ್ಷ ಮುಂದೆ ಬನ್ನಿ. ಕಪ್ಪು ಸಮುದ್ರದ ದಂಡೆಯ ಬಿಥಿನಿಯಾ ಸೀಮೆಗೆ ಕಿರಿಯ ಪ್ಲೀನಿ ಗವರ್ನರ್. ಸುಮಾರು 112ರಲ್ಲಿ ಅವನು ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆಯುತ್ತಾನೆ: ಈ ಕ್ರೈಸ್ತರು ಗೊತ್ತುಮಾಡಿದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ. ಒಳಗಿನ ಸತ್ಯ ತಿಳಿಯಲು ಅವನು ಇಬ್ಬರು ದಾಸಿಯರನ್ನು ಹಿಡಿಸಿ ಚಿತ್ರಹಿಂಸೆ ಕೊಡಿಸುತ್ತಾನೆ. ಗುಲಾಮರ ಸಾಕ್ಷಿ ಬೇಕಾದರೆ ಹಿಂಸೆ ಕೊಟ್ಟೇ ತೆಗೆಯಬೇಕು, ಅದು ರೋಮಿನ ಕೋರ್ಟಿನ ಪದ್ಧತಿ. ಆ ಹೆಂಗಸರಿಗೆ ಕ್ರೈಸ್ತರ ಸಭೆಯಲ್ಲಿ ಒಂದು ಹುದ್ದೆ ಇತ್ತು, ಸೇವಕಿಯರು ಅಂತ ಅವರನ್ನು ಕರೆಯುತ್ತಿದ್ದರು. ಅವರು ಏನು ಹೇಳಿದರು? ಪ್ಲೀನಿ ಬರೆಯಲೇ ಇಲ್ಲ. ಕೆಟ್ಟ, ಮಿತಿಮೀರಿದ ಮೂಢನಂಬಿಕೆ ಬಿಟ್ಟರೆ ಬೇರೇನೂ ಸಿಗಲಿಲ್ಲ ಅಂತ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟ. ಆ ಜಾಗ ಓದುವಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಪುನರುತ್ಥಾನದ ಬಗ್ಗೆ ಅವರು ಬಾಯಿಬಿಟ್ಟು ಏನಾದರೂ ಹೇಳಿದ್ದರೆ, ಅದು ಆ ಕೋಣೆಯಲ್ಲೇ ಉಳಿದುಹೋಯಿತು. ಮೂರ್ನಾಲ್ಕು ವರ್ಷಗಳ ನಂತರ ಇತಿಹಾಸಕಾರ ಟ್ಯಾಸಿಟಸ್ ಕೂಡ ಕ್ರಿಸ್ತನಿಗೆ ರೋಮನ್ ಅಧಿಕಾರಿ ಪಿಲಾತನ ಕೈಲಿ ಮರಣದಂಡನೆ ಆಯಿತು ಅಂತ ಬರೆಯುತ್ತಾನೆ, ಆ ಮೂಢನಂಬಿಕೆ ಮತ್ತೆ ಹಬ್ಬಿತು ಅನ್ನುತ್ತಾನೆ, ಯಾಕೆ ಹಬ್ಬಿತು ಅಂತ ಕೇಳುವುದಿಲ್ಲ.

ಕೇಳಿದವನು ಸೆಲ್ಸಸ್. ಎರಡನೇ ಶತಮಾನದ ಕೊನೆಯ ಭಾಗದ ತತ್ವಜ್ಞಾನಿ, ಗ್ರೀಕ್‌ನಲ್ಲಿ ಬರೆದವನು. ಅವನ ಪುಸ್ತಕ ಉಳಿದಿಲ್ಲ. ಆದರೆ ಸುಮಾರು 70 ವರ್ಷದ ಮೇಲೆ ಒರಿಗೆನ್ ಅನ್ನುವ ಕ್ರೈಸ್ತ ಪಂಡಿತ ಅದಕ್ಕೆ ಉತ್ತರ ಕೊಡಲು ಅವನ ಮಾತುಗಳನ್ನೇ ಎತ್ತಿ ಎತ್ತಿ ಬರೆದದ್ದರಿಂದ ನಮಗೆ ಸಿಕ್ಕಿದೆ. ಸೆಲ್ಸಸ್ ಚೆನ್ನಾಗಿ ಓದಿಕೊಂಡು ಬಂದಿದ್ದ. ಯೇಸು ತನಗೆ ಶಿಕ್ಷೆ ಕೊಟ್ಟ ಅಧಿಕಾರಿಗೇ ಯಾಕೆ ಕಾಣಿಸಿಕೊಳ್ಳಲಿಲ್ಲ ಅಂತ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ, ಇವತ್ತಿಗೂ ಜನ ಕೇಳುತ್ತಾರೆ. ಕೊಳೆತ ದೇಹಕ್ಕೆ ವಾಪಸ್ ಬರಬೇಕು ಅನ್ನುವುದು ಹುಳುಗಳಿಗೆ ತಕ್ಕ ಆಸೆ ಅನ್ನುತ್ತಾನೆ. ಇದೂ ಅರ್ಥವಾಗುತ್ತದೆ. ಆಗಸ್ಟಸ್‌ನ ಕಥೆಯಲ್ಲಿ ದೇಹ ಚಿತೆಯಲ್ಲೇ ಉಳಿಯಿತು, ಮೇಲೆ ಹೋದದ್ದು ಬೇರೆ. ಕ್ರೈಸ್ತರು ಹೇಳುತ್ತಿದ್ದದ್ದು ಕೈಯಲ್ಲಿ ಗಾಯ ಇದ್ದ ಮೈಯ ಬಗ್ಗೆ. ಆದರೆ ಇದನ್ನು ಕಂಡವರು ಯಾರು ಅಂತ ಬಂದಾಗ ಅವನ ಉತ್ತರ ನೋಡಿ: ಅರೆಹುಚ್ಚು ಹಿಡಿದ ಒಬ್ಬ ಹೆಂಗಸು, ಜೊತೆಗೆ ಅದೇ ಮಾಟಕ್ಕೆ ಮರುಳಾದ ಇನ್ನೊಬ್ಬರೋ ಯಾರೋ.

ರೋಮನ್ನರನ್ನು ಮಾತ್ರ ಬೈಯುವುದು ನ್ಯಾಯ ಅಲ್ಲ. ಲೂಕನ ಸುವಾರ್ತೆ ತೆಗೆದು ನೋಡಿ, ಹೆಂಗಸರು ಬಂದು ಹೇಳಿದಾಗ ಶಿಷ್ಯರಿಗೇ ಅದು ಬರೀ ಹರಟೆ ಅನ್ನಿಸಿತು. ಪೌಲ ಕೊರಿಂಥದವರಿಗೆ ಸಾಕ್ಷಿಗಳ ಪಟ್ಟಿ ಕೊಡುವಾಗ ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ, 500ಕ್ಕೂ ಹೆಚ್ಚು ಜನ, ಯಾಕೋಬ ಅಂತೆಲ್ಲ ಬರುತ್ತದೆ. ಮರಿಯಳ ಹೆಸರು ಇಲ್ಲ. ಸೆಲ್ಸಸ್‌ಗೆ ಉತ್ತರ ಕೊಟ್ಟ ಒರಿಗೆನ್ ಕೂಡ, ಅವಳೊಬ್ಬಳೇ ಅಲ್ಲ, ಬೇರೆಯವರೂ ನೋಡಿದ್ದಾರೆ ಅನ್ನುತ್ತಾನೆ.

ಗಂಭೀರ ಮುಖದ ಗಂಡಸಾಗಿದ್ದರೆ ಏನಾಗುತ್ತಿತ್ತು? ಅದಕ್ಕೂ ಒಂದು ಪ್ರಸಂಗ ಇದೆ. 165ರಲ್ಲಿ ಪೆರೆಗ್ರಿನಸ್ ಅನ್ನುವ ಸಾಧು ಒಲಿಂಪಿಯಾದ ಜಾತ್ರೆ ಹೊತ್ತಿನಲ್ಲಿ ಜನರೆದುರು ಬೆಂಕಿಗೆ ಹಾರಿ ಸತ್ತ. ಲೂಸಿಯನ್ ಅನ್ನುವ ಲೇಖಕ ಅಲ್ಲೇ ಇದ್ದ. ಅವನೇ ಬರೆಯುವ ಪ್ರಕಾರ, ದಾರಿಯಲ್ಲಿ ಸಿಕ್ಕಿದವರಿಗೆ ಬೆಂಕಿಯಿಂದ ಒಂದು ರಣಹದ್ದು ಹಾರಿ ಹೋಯಿತು ಅಂತ ಸುಮ್ನೆ ಕಟ್ಟಿ ಹೇಳಿದ. ಜಾತ್ರೆಗೆ ವಾಪಸ್ ಬಂದರೆ, ನರೆತ ಕೂದಲು, ಗಡ್ಡ, ನೋಡಿದರೆ ನಂಬಬೇಕು ಅನ್ನಿಸುವ ಒಬ್ಬ ಮುದುಕ ನಿಂತು ಹೇಳುತ್ತಿದ್ದಾನೆ: ಪೆರೆಗ್ರಿನಸ್ ಬಿಳಿ ಬಟ್ಟೆಯಲ್ಲಿ ಓಡಾಡುವುದನ್ನು ಈಗ ತಾನೇ ನೋಡಿ ಬಂದೆ, ಆ ರಣಹದ್ದು ಹಾರಿದ್ದನ್ನೂ ನಾನೇ ಕಂಡೆ.

ಕೊನೆಗೆ ಗಾಲ್ ದೇಶದ (ಈಗಿನ ಫ್ರಾನ್ಸ್) ಲಿಯಾನ್ ಊರಿಗೆ ಬರೋಣ, 177. ಇಲ್ಲಿ ವಾದ ಮಾಡುವವರಿಲ್ಲ, ಇರುವುದು ಗುಂಪು. ಬ್ಲಾಂಡಿನಾ ಅನ್ನುವ ದಾಸಿಯನ್ನು ಬೆಳಗಿನಿಂದ ಸಂಜೆತನಕ ಸರದಿಯ ಮೇಲೆ ಹಿಂಸಿಸಿ ಹಿಂಸಿಸಿ ಹೊಡೆಯುವವರೇ ಸುಸ್ತಾದರು. ನಾನು ಕ್ರೈಸ್ತಳು, ನಮ್ಮಲ್ಲಿ ಕೆಟ್ಟದ್ದೇನೂ ನಡೆಯುವುದಿಲ್ಲ ಅಂತ ಅವಳು ಹೇಳಿದ್ದನ್ನೇ ಹೇಳಿದಳು. ಸತ್ತವರ ದೇಹಗಳನ್ನು ಆರು ದಿನ ಬಯಲಲ್ಲಿ ಬಿಟ್ಟರು. ಹಗಲು ರಾತ್ರಿ ಕಾವಲು. ಹೂಳುತ್ತೇವೆ ಕೊಡಿ ಅಂತ ಉಳಿದವರು ಬೇಡಿಕೊಂಡರು, ದುಡ್ಡು ಕೊಡಲು ಹೋದರು, ಆಗಲಿಲ್ಲ. ಆಮೇಲೆ ಸುಟ್ಟು, ಒಂದು ಚೂರೂ ಉಳಿಯದ ಹಾಗೆ ಬೂದಿಯನ್ನು ಗುಡಿಸಿ ರೋನ್ ನದಿಗೆ ಹಾಕಿದರು. ಈಗ ಎದ್ದು ಬರುತ್ತಾರಾ ನೋಡೋಣ ಅಂದರು.

ಇದೆಲ್ಲ ನಮಗೆ ಗೊತ್ತಿರುವುದು ಅಲ್ಲಿ ಬದುಕಿ ಉಳಿದ ಕ್ರೈಸ್ತರು ಏಷ್ಯಾ ಪ್ರಾಂತ್ಯದ (ಈಗಿನ ಟರ್ಕಿಯ ಒಂದು ಭಾಗ) ಸಭೆಗಳಿಗೆ ಬರೆದ ಒಂದು ಕಾಗದದಿಂದ. ಅದರಲ್ಲಿ ಬ್ಲಾಂಡಿನಾಳ ಒಡತಿಯ ವಿಷಯವೂ ಬರುತ್ತದೆ. ಅವಳೂ ಕ್ರೈಸ್ತಳೇ, ಅವಳೂ ಸಿಕ್ಕಿಬಿದ್ದವಳೇ, ಈ ಬಡಕಲು ಮೈಯ ಹುಡುಗಿ ಎಲ್ಲಿ ಹೆದರಿ ಮಾತು ಬದಲಿಸುತ್ತಾಳೋ ಅಂತ ಒದ್ದಾಡಿದವಳು. ಆ ಒಡತಿಯ ಹೆಸರನ್ನು ಕಾಗದದಲ್ಲಿ ಬರೆದಿಲ್ಲ. ದಾಸಿಯ ಹೆಸರು ಬರೆದಿದ್ದಾರೆ.